ಹಕ್ಕಿ ಲೆಕ್ಕ: ಒಂದು ಬಾವಿ, ಒಂದು ಈಚಲು ಮರ ಮತ್ತು ನೂರು ವರ್ಷದ ಕಥೆ

ಭಾಗ 1/8 📒

"ಬಿಕಾಂ ಓದೋಳಿಗೆ ಹಕ್ಕಿ ಸಹವಾಸ ಯಾಕವ್ವ?"

ಹೋದ ವರ್ಷ ಊರ ಹಬ್ಬದಲ್ಲಿ ಊಟಕ್ಕೆ ಕೂತಾಗ ಚಿಕ್ಕಪ್ಪ ಕೇಳಿದ ಪ್ರಶ್ನೆ ಇದು. ಎಲ್ಲರೂ ನಕ್ಕರು, ನಾನೂ ನಕ್ಕೆ. ಉತ್ತರ ಮಾತ್ರ ಹೊಳೀಲಿಲ್ಲ. ಈಗ ಹೊಳೆದಿದೆ, ಆದ್ರೆ ಎಂಟು ಪೋಸ್ಟ್ ಉದ್ದ ಇದೆ. ಕ್ಷಮಿಸಿ ಚಿಕ್ಕಪ್ಪ 🙏

ಮೊದಲ ಫೋಟೋದಲ್ಲಿರೋದು ನನ್ನ ಲೆಕ್ಕದ ಪುಸ್ತಕ. ಜಮಾ-ಖರ್ಚು ಬರೆಯೋಕೆ ಅಂತ ಪಿಯುಸಿಯಲ್ಲಿ ತಗೊಂಡಿದ್ದೆ. ಈಗ ಅದರಲ್ಲಿ ತಾರೀಖು, ಜಾಗ, ಹಕ್ಕಿ, ಎಷ್ಟು ಅಂತ ನಾಲ್ಕು ಕಾಲಂ ಇದೆ. ಮೊದಲನೇ ಸಾಲು: 2022 ಜೂನ್, ತಾತನ ಬಾವಿ, ಗೀಜಗ, 23 ಗೂಡು.

ಚಿಕ್ಕಪ್ಪನ ಪ್ರಶ್ನೆಗೆ ಮೊದಲ ಉತ್ತರ ಒಬ್ಬ ಕಾಮರ್ಸ್ ವಿದ್ಯಾರ್ಥಿ. 1917ರಲ್ಲಿ ಬರ್ಮಾದಿಂದ ಬಾಂಬೆಗೆ ವಾಪಸ್ ಬಂದ ಒಬ್ಬ ಹುಡುಗ ಅಲ್ಲಿನ ದಾವರ್ಸ್ ಕಾಲೇಜ್ ಆಫ್ ಕಾಮರ್ಸ್ ಸೇರಿಕೊಂಡ. ಓದಿದ್ದು ವಾಣಿಜ್ಯ ಕಾನೂನು ಮತ್ತು ಅಕೌಂಟೆನ್ಸಿ. ಬರ್ಮಾದಲ್ಲಿ ಮನೆಯವರ ಗಣಿ ಮತ್ತು ಮರದ ವ್ಯಾಪಾರ ನೋಡ್ಕೊಳ್ಳೋಕೆ ಹೋಗಿದ್ದವನು, ಅಲ್ಲೂ ಕಾಡು ಸುತ್ತಿದ್ದೇ ಜಾಸ್ತಿ. ಈ ಹುಡುಗನಿಗೆ ಲೆಕ್ಕಕ್ಕಿಂತ ಹಕ್ಕಿ ಮೇಲೆ ಪ್ರೀತಿ ಅಂತ ಗುರುತು ಹಿಡಿದವರು ಸೇಂಟ್ ಝೇವಿಯರ್ಸ್ ಕಾಲೇಜಿನ ಫಾದರ್ ಬ್ಲಾಟರ್. ಆಮೇಲೆ ಅವನ ದಿನಚರಿ ಏನಪ್ಪಾ ಅಂದ್ರೆ, ಬೆಳಿಗ್ಗೆ ಕಾಮರ್ಸ್ ಕ್ಲಾಸು, ಅದು ಮುಗಿದ ಮೇಲೆ ಪ್ರಾಣಿಶಾಸ್ತ್ರದ ಕ್ಲಾಸು.

ಆ ಹುಡುಗ ಸಲೀಂ ಅಲಿ. ಹುಟ್ಟಿದ್ದು 1896ರ ನವೆಂಬರ್ 12. ನಮ್ಮ ಮಂಡ್ಯ-ಮೈಸೂರು ಸೀಮೆಯ ಹಕ್ಕಿಗಳ ಚರಿತ್ರೆಯಲ್ಲಿ ಈ ಹೆಸರು ಮತ್ತೆ ಬರುತ್ತೆ. ಆದ್ರೆ ಅದಕ್ಕೂ ಮುಂಚೆ ಸ್ವಲ್ಪ ರಕ್ತದ ಕಥೆ ಇದೆ.

—

ಭಾಗ 2/8 🔫

ಇದನ್ನ ಮೊದಲೇ ಹೇಳಿಬಿಡ್ತೀನಿ: ಹಕ್ಕಿ ನೋಡೋ ಹವ್ಯಾಸ ಶುರುವಾಗಿದ್ದು ಬೈನಾಕ್ಯುಲರ್‌ನಿಂದ ಅಲ್ಲ, ಕೋವಿಯಿಂದ.

ಆಗಿನ ಕಾಲಕ್ಕೆ ಇದು ಯಾವ ಹಕ್ಕಿ ಅಂತ ಖಾತ್ರಿ ಆಗಬೇಕಾದ್ರೆ ಹೊಡೆದು ಕೈಯಲ್ಲಿ ಹಿಡಿದು ನೋಡಬೇಕಿತ್ತು. ಚರ್ಮ ಸುಲಿದು, ಹತ್ತಿ ತುಂಬಿ, ಕಾಲಿಗೆ ಚೀಟಿ ಕಟ್ಟಿ, ಮ್ಯೂಸಿಯಂ ಡ್ರಾಯರಿನಲ್ಲಿ ಸಾಲಾಗಿ ಮಲಗಿಸೋರು. ಮದರಾಸು ಪ್ರಾಂತ್ಯದಲ್ಲಿ ಸೇನೆಯ ವೈದ್ಯನಾಗಿದ್ದ ಜೆರ್ಡನ್ 1862-64ರಲ್ಲಿ ಇಡೀ ಭಾರತದ ಹಕ್ಕಿಗಳ ಮೇಲೆ ಪುಸ್ತಕ ತಂದ. ಆ ತಲೆಮಾರಿನ ಜ್ಞಾನ ಎಲ್ಲ ಹೀಗೇ ಕೂಡಿದ್ದು.

ಸಲೀಂ ಅಲಿಯ ಕಥೆಯೂ ಶುರುವಾಗೋದು ಏರ್‌ಗನ್‌ನಿಂದ. ತಂದೆ-ತಾಯಿ ಇಲ್ಲದ ಮಗು, ಸೋದರಮಾವನ ಮನೆಯಲ್ಲಿ ಬೆಳೀತಿತ್ತು. ಒಂದಿನ ಹೊಡೆದ ಗುಬ್ಬಿಯ ಕತ್ತಿನಲ್ಲಿ ಹಳದಿ ಮಚ್ಚೆ! ಇದ್ಯಾವ ಗುಬ್ಬಿ ಅಂತ ಕೇಳೋಕೆ ಮಾವ ಅವನನ್ನ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿದರು. ಕಾರ್ಯದರ್ಶಿ ಮಿಲ್ಲರ್ಡ್ ಬೈದು ಕಳಿಸಲಿಲ್ಲ. ಒಂದೊಂದೇ ಡ್ರಾಯರ್ ಎಳೆದು ನೂರಾರು ಹಕ್ಕಿ ತೋರಿಸಿದರು, ಓದೋಕೆ ಪುಸ್ತಕ ಕೊಟ್ಟರು. ಒಬ್ಬ ದೊಡ್ಡ ಮನುಷ್ಯ ಒಂದು ಚಿಕ್ಕ ಹುಡುಗನಿಗೆ ಅಷ್ಟು ಹೊತ್ತು ಕೊಟ್ಟಿದ್ದಕ್ಕೆ ಏನೆಲ್ಲಾ ಆಯ್ತು ನೋಡಿ.

ಆದ್ರೆ ಅದೇ ಸೊಸೈಟಿಯನ್ನ 1883ರಲ್ಲಿ ಕಟ್ಟಿದ ಎಂಟು ಜನರಲ್ಲಿ ಒಬ್ಬ ಬೇರೆ ಥರದ ಮನುಷ್ಯ ಇದ್ದ. ಹೆಸರು ಎಡ್ವರ್ಡ್ ಹ್ಯಾಮಿಲ್ಟನ್ ಏಟ್ಕನ್, ಬರೆಯೋವಾಗ 'ಇಹಾ'. ಕೆಲಸ ಸುಂಕ ಮತ್ತು ಉಪ್ಪಿನ ಇಲಾಖೆಯಲ್ಲಿ. ನಮ್ಮ ಕಾರವಾರದಲ್ಲೂ ಇದ್ದ. ಅವನ ಪುಸ್ತಕಗಳಲ್ಲಿ ಹುಲಿ ಬೇಟೆಗಿಂತ ಬಂಗಲೆ ಜಗಲಿಯ ಕಾಗೆ, ಇಲಿ, ಕಪ್ಪೆಗಳದ್ದೇ ದರ್ಬಾರು. ಆಫೀಸು ಮುಗಿಸಿ ಬಂದು ಕುರ್ಚಿಯಲ್ಲಿ ಕೂತು, ಕಾಗೆ ಏನ್ ಮಾಡ್ತಿದೆ ಅಂತ ನೋಡಿ ನಗೋದು. ಉಪ್ಪಿನ ಲೆಕ್ಕ ಬರೆಯೋ ಅಧಿಕಾರಿ ಕಾಗೆ ಲೆಕ್ಕಾನೂ ಬರೀಬಹುದು ಅಂತ ಗೊತ್ತಾದಾಗ ನಂಗೆ ಎಷ್ಟು ಸಮಾಧಾನ ಆಯ್ತು ಗೊತ್ತಾ?

—

ಭಾಗ 3/8 🪹

ಈ ಫೋಟೋ ಜೂಮ್ ಮಾಡಿ ನೋಡಿ. ಮದ್ದೂರು ತಾಲ್ಲೂಕಿನ ನಮ್ಮೂರು. ತಾತನ ಬಾವಿ. ಬಾವಿಗೆ ಬಾಗಿದ ಈಚಲು ಮರ. ಗರಿ ತುದೀಲಿ ತೂಗಾಡ್ತಿರೋ ಗೀಜಗನ ಗೂಡುಗಳು. ಕೆಲವಕ್ಕೆ ಉದ್ದ ಕೊಳವೆ ಇದೆ, ಕೆಲವು ಅರ್ಧಕ್ಕೇ ನಿಂತಿವೆ. ಯಾಕೆ?

ಈ 'ಯಾಕೆ'ಗೆ ಉತ್ತರ ಸಿಕ್ಕಿದ್ದು ಒಬ್ಬರಿಗೆ ಕೆಲಸ ಹೋಗಿದ್ದರಿಂದ.

ಸಲೀಂ ಅಲಿಗೆ 1926ರಲ್ಲಿ ಬಾಂಬೆ ಮ್ಯೂಸಿಯಂನಲ್ಲಿ ತಿಂಗಳಿಗೆ 350 ರೂಪಾಯಿ ಸಂಬಳದ ಕೆಲಸ ಇತ್ತು. ಅದರಿಂದ ರಜೆ ತಗೊಂಡು ಬರ್ಲಿನ್‌ಗೆ ಹೋಗಿ ಸ್ಟ್ರೆಸೆಮನ್ ಅನ್ನೋ ದೊಡ್ಡ ಪಕ್ಷಿವಿಜ್ಞಾನಿಯ ಹತ್ತಿರ ಕಲಿತರು. 1930ರಲ್ಲಿ ವಾಪಸ್ ಬಂದು ನೋಡಿದ್ರೆ ದುಡ್ಡಿಲ್ಲ ಅಂತ ಹುದ್ದೆಯನ್ನೇ ತೆಗೆದುಹಾಕಿದ್ದರು. ವಯಸ್ಸು 33, ಮದುವೆ ಆಗಿದೆ, ಸಂಬಳ ಇಲ್ಲ. ಹೆಂಡತಿ ತೆಹ್ಮಿನಾ ಜೊತೆ ಅಲಿಬಾಗ್ ಹತ್ತಿರದ ಕಿಹಿಂ ಅನ್ನೋ ಸಮುದ್ರದಂಡೆ ಹಳ್ಳಿಯ ಮನೆಗೆ ಹೋದರು. ಮನೆ ಹತ್ತಿರದ ಮರದಲ್ಲಿ ಗೀಜಗಗಳ ಸಂಸಾರ. ಮಳೆಗಾಲ ಪೂರ್ತಿ ಅದನ್ನೇ ನೋಡಿದರು.

ಆಗ ಕಂಡಿದ್ದು ಇದು: ಗೂಡು ಶುರು ಮಾಡೋದು ಗಂಡು. ಅರ್ಧ ಕಟ್ಟಿದಾಗ ಹೆಣ್ಣು ಬಂದು ಒಳಗೆ ಹೊಕ್ಕು, ಎಳೆದು, ಪರೀಕ್ಷೆ ಮಾಡುತ್ತೆ. ಒಪ್ಪಿದ್ರೆ ಗಂಡು ಕೊಳವೆ ಕಟ್ಟಿ ಮುಗಿಸುತ್ತೆ. ಒಪ್ಪದಿದ್ರೆ ಗೂಡು ಅರ್ಧಕ್ಕೇ ನಿಲ್ಲುತ್ತೆ. ಇನ್ನೂ ಇದೆ: ಹೆಣ್ಣು ಮೊಟ್ಟೆಗೆ ಕೂತ ಮೇಲೆ ಗಂಡು ಸುಮ್ಮನಿರಲ್ಲ, ಪಕ್ಕದಲ್ಲೇ ಇನ್ನೊಂದು ಗೂಡು ಶುರು ಮಾಡಿ ಇನ್ನೊಂದು ಹೆಣ್ಣಿಗೆ ಕಾಯುತ್ತೆ! 1931ರಲ್ಲಿ ಇದು ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯ್ತು. ಸಲೀಂ ಅಲಿಗೆ ಹೆಸರು ತಂದ ಕೆಲಸ ಇದೇ. ದೊಡ್ಡ ಕಾಡಿಗೆ ಹೋಗಿರಲಿಲ್ಲ. ಮನೆ ಹತ್ತಿರದ ಮರ, ಕೈಯಲ್ಲಿ ನೋಟ್‌ಬುಕ್ಕು, ಬೇಕಾದಷ್ಟು ಹೊತ್ತು. ಅಷ್ಟೇ.

ಇದನ್ನ ತಾತಂಗೆ ಓದಿ ಹೇಳಿದೆ. "ಅದ್ಕೇನವ್ವ, ಹೆಣ್ಣು ಒಪ್ದೇ ಇದ್ರೆ ಮನೆ ಕಟ್ಟಿ ಏನ್ ಮಾಡಾನ" ಅಂದ್ರು. ಆಮೇಲೆ, "ಗೂಡೊಳಗೆ ಮಣ್ಣು ಮೆತ್ತಿ ಮಿಂಚುಹುಳ ಅಂಟುಸ್ತವೆ, ದೀಪಕ್ಕೆ. ಅದ ಬರ್ದವ್ನಾ ನಿಮ್ಮ ಸಲೀಮಪ್ಪ?" ಅಂತ ನಂಗೇ ಪರೀಕ್ಷೆ ಇಟ್ಟರು. ಬಿದ್ದ ಗೂಡು ಬಿಡಿಸಿ ನೋಡಿದೆ. ಮಣ್ಣು ಮೆತ್ತಿರೋದು ನಿಜ. ಮಿಂಚುಹುಳ ಮಾತ್ರ ಇರಲಿಲ್ಲ. ತಾತ ಒಪ್ಪಲಿಲ್ಲ. "ಹಗಲೊತ್ತು ನೋಡುದ್ರೆ ಎಲ್ಲಿ ಕಾಣ್ತದೆ?" 😄

—

ಭಾಗ 4/8 🚂

ಕಿಹಿಂ ಆಯ್ತು. ಈಗ ಪ್ರಯಾಣ.

ಕೆಲಸ ಇಲ್ಲದ ಸಲೀಂ ಅಲಿ ಒಂದು ಉಪಾಯ ಮಾಡಿದರು. ಬ್ರಿಟಿಷರ ಕಾಲದಲ್ಲಿ ಎಷ್ಟೊಂದು ಸಂಸ್ಥಾನಗಳಿದ್ದವು, ಅಲ್ಲಿ ಯಾವ ಹಕ್ಕಿ ಎಲ್ಲಿದೆ ಅಂತ ಸರಿಯಾದ ಪಟ್ಟಿನೇ ಇರಲಿಲ್ಲ. "ನನ್ನ ದುಡಿಮೆಗೆ ಸಂಬಳ ಬೇಡ, ಕ್ಯಾಂಪಿನ ಖರ್ಚು ಕೊಡಿ, ಹಕ್ಕಿ ಸಮೀಕ್ಷೆ ಮಾಡ್ಕೊಡ್ತೀನಿ" ಅನ್ನೋ ಥರದ ಒಪ್ಪಂದ. ಕಾಸ್ಟ್ ಅಕೌಂಟಿಂಗ್ ಓದಿರೋರಿಗೆ ಅರ್ಥ ಆಗುತ್ತೆ: ಕೂಲಿ ಸೊನ್ನೆ, ಬರೀ ಖರ್ಚು. ಹೈದರಾಬಾದ್ ಆಯ್ತು, ತಿರುವಾಂಕೂರು-ಕೊಚ್ಚಿ ಆಯ್ತು. ಬಹಳಷ್ಟು ಕ್ಯಾಂಪುಗಳಲ್ಲಿ ತೆಹ್ಮಿನಾ ಜೊತೆಗಿದ್ದರು.

1939ರಲ್ಲಿ ಒಂದು ಚಿಕ್ಕ ಆಪರೇಷನ್ ಆದ ಮೇಲೆ ತೆಹ್ಮಿನಾ ತೀರಿಕೊಂಡರು.

ಮೈಸೂರು ಸಂಸ್ಥಾನದ ಸಮೀಕ್ಷೆ ನಡೆದಿದ್ದು 1939-40ರಲ್ಲಿ. ಅಂದ್ರೆ ನಮ್ಮ ನಾಡಿನ ಹಕ್ಕಿಗಳನ್ನ ಅವರು ಒಬ್ಬರೇ ಉಳಿದ ಮೇಲೆ ಬಂದು ನೋಡಿದ್ದು. ಇಸವಿಗಳನ್ನ ಪಕ್ಕಪಕ್ಕ ಬರೆದಾಗ ನಂಗೆ ಇದು ಗೊತ್ತಾಯ್ತು, ಆಮೇಲೆ ಆ ಪಟ್ಟಿಯನ್ನ ಬರೀ ಪಟ್ಟಿ ಅಂತ ಓದೋಕಾಗಲಿಲ್ಲ. ಅದು ಸಲೀಂ ಅಲಿ ಮತ್ತು ಹ್ಯೂ ವಿಸ್ಲರ್ ಹೆಸರಲ್ಲಿ 1942-43ರಲ್ಲಿ ಅಚ್ಚಾಯ್ತು. ವಿಸ್ಲರ್ ಕೂಡ ವೃತ್ತಿಯಿಂದ ಪಂಜಾಬಿನ ಪೊಲೀಸ್ ಅಧಿಕಾರಿ ಆಗಿದ್ದವರು. ನೋಡ್ತಾ ಹೋದ್ರೆ ಸೈನ್ಯದ ಡಾಕ್ಟರು, ಉಪ್ಪಿನ ಇಲಾಖೆಯವರು, ಪೊಲೀಸರು, ಕೆಲಸ ಕಳ್ಕೊಂಡವರು. ಈ ಚರಿತ್ರೆ ಪೂರ್ತಿ ಬೇರೆ ಏನೋ ಕೆಲಸ ಇದ್ದವರದ್ದೇ!

ಒಂದು ಸಾಲು ಖಾಲಿ ಉಳಿಯುತ್ತೆ. ಕ್ಯಾಂಪ್ ಹೊತ್ತವರು, ಅಡಿಗೆ ಮಾಡಿದವರು, "ಆ ಹಕ್ಕಿ ಆ ಹಳ್ಳದಲ್ಲಿ ಕೂರ್ತದೆ ಸ್ವಾಮಿ" ಅಂತ ದಾರಿ ತೋರಿಸಿದ ಊರಿನವರು. ಸಮೀಕ್ಷೆಯ ತಲೆಬರಹದಲ್ಲಿ ಅವರಿಗೆ ಜಾಗ ಇಲ್ಲ.

—

ಭಾಗ 5/8 🛶

ರಂಗನತಿಟ್ಟು! ಶಾಲೆ ಟೂರಿನಲ್ಲಿ ಎಲ್ಲರೂ ಹೋಗಿರ್ತೀರ. ದೋಣಿ, ಮೊಸಳೆ, "ಕೈ ಹೊರಗೆ ಹಾಕ್ಬೇಡ್ರೋ" ಅಂತ ಮೇಷ್ಟ್ರ ಕೂಗು.

ಈ ಜಾಗದ ಕಥೆ ಹಕ್ಕಿಯಿಂದಲ್ಲ, ನೀರಾವರಿಯಿಂದ ಶುರು. 1645-48ರ ಹೊತ್ತಿಗೆ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಒಂದು ಅಣೆಕಟ್ಟೆ ಕಟ್ಟಿದರು. ನೀರು ನಿಂತು, ಅಲ್ಲಲ್ಲಿ ಎತ್ತರದ ನೆಲ ತಿಟ್ಟುಗಳಾಗಿ ಉಳೀತು. ಸುತ್ತ ನೀರು, ನೀರಲ್ಲಿ ಮೊಸಳೆ. ಮನುಷ್ಯರ ಕಾಟ ಇಲ್ಲ, ಮರಿಗಳಿಗೆ ಕಾಡುಬೆಕ್ಕಿನ ಭಯ ಕಮ್ಮಿ. ಗದ್ದೆಗೆ ಅಂತ ಕಟ್ಟಿದ್ದು ಕೊಕ್ಕರೆಗೂ ಮನೆ ಆಯ್ತು. ಮೂರು ಶತಮಾನ ಆದ್ಮೇಲೆ, ಸಮೀಕ್ಷೆಗೆ ಬಂದಿದ್ದ ಸಲೀಂ ಅಲಿ ಈ ತಿಟ್ಟುಗಳನ್ನ ಕಂಡು, ಇದನ್ನ ಕಾಪಾಡಬೇಕು ಅಂತ ಒಡೆಯರ ಆಡಳಿತವನ್ನ ಒಪ್ಪಿಸಿದರು. 1940ರಲ್ಲಿ ಪಕ್ಷಿಧಾಮ ಅಂತ ಘೋಷಣೆ ಆಯ್ತು. 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ವಿಸ್ತೀರ್ಣ ಒಂದು ಚದರ ಕಿಲೋಮೀಟರೂ ಇಲ್ಲ, ಬರೀ 0.67!

ಇನ್ನೊಂದ್ಸಲ ಹೋದ್ರೆ ಇದನ್ನ ಮಾಡಿ. ಮೊಸಳೆ ಸಿಕ್ಕಿದ ಮೇಲೆ ಫೋನ್ ಜೇಬಿಗೆ ಹಾಕಿ, ಒಂದೇ ಹಕ್ಕಿಯನ್ನ ಐದು ನಿಮಿಷ ನೋಡಿ. ಬಾಯ್ಕಳಕ ಕೊಕ್ಕರೆಯ ಕೊಕ್ಕು ಮುಚ್ಚಿದ್ರೂ ನಡುವೆ ಸಂದಿ ಉಳಿಯುತ್ತೆ. ಅದರ ಊಟ ಬಸವನಹುಳು. ಚಮಚ ಕೊಕ್ಕಿನದ್ದು ನೀರಲ್ಲಿ ತಲೆಯನ್ನ ಆ ಕಡೆ ಈ ಕಡೆ ಬೀಸ್ತಾ ಹೋಗುತ್ತೆ, ಥೇಟ್ ನೆಲ ಒರೆಸಿದ ಹಾಗೆ. ಬಣ್ಣದ ಕೊಕ್ಕರೆ ಬಾಯಿ ಅರ್ಧ ತೆಗೆದು ನೀರಲ್ಲಿಟ್ಟು ಕಾಯುತ್ತೆ, ಮೀನು ತಗುಲಿದ ಕೂಡ್ಲೇ ಪಟ್ ಅಂತ ಮುಚ್ಚುತ್ತೆ. ಒಂದೇ ಹೊಳೆ, ಮೂರು ಥರದ ಊಟ.

ನಮ್ಮ ದೋಣಿ ನಡೆಸಿದ ಅಣ್ಣ ಹುಟ್ಟು ಹಾಕೋದು ನಿಲ್ಲಿಸಿ, ಸದ್ದಿಲ್ಲದೆ ತೇಲಿಸ್ತಾ ಗೂಡಿನ ಹತ್ತಿರ ಕರ್ಕೊಂಡು ಹೋದರು. ಮರಿ ಇಣುಕಿತು. ದೋಣಿಯಲ್ಲಿದ್ದ ಹನ್ನೆರಡು ಜನರೂ ಒಟ್ಟಿಗೆ ಉಸಿರು ಹಿಡಿದ್ವಿ. ಅದರ ಫೋಟೋ ಇಲ್ಲ. ತೆಗೆಯೋದು ಮರೆತೇ ಹೋಯ್ತು.

—

ಭಾಗ 6/8 🌳

ರಂಗನತಿಟ್ಟಿಗೆ ಸರ್ಕಾರದ ಆದೇಶ ಇತ್ತು. ನಮ್ಮ ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಬಹಳ ಕಾಲ ಏನೂ ಇರಲಿಲ್ಲ. ಊರಿನವರೇ ಇದ್ದರು.

ಶಿಂಷಾ ಹೊಳೆ ಹತ್ತಿರದ ಹಳ್ಳಿ ಇದು. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟೋದು ಬೀದಿ ಪಕ್ಕದ ಹುಣಸೆ, ಆಲ, ಅರಳಿ ಮರಗಳಲ್ಲಿ. ಕೆಳಗೆ ಎಮ್ಮೆ ಕಟ್ಟಿರ್ತಾರೆ, ಮೇಲೆ ಹೆಜ್ಜಾರ್ಲೆ ಮರಿ ಕಿರುಚ್ತಿರುತ್ತೆ. ಹಿಕ್ಕೆ ಗದ್ದೆಗೆ ಒಳ್ಳೆ ಗೊಬ್ಬರ. ನಷ್ಟವೂ ಉಂಟು, ಗೂಡಿರೋ ಮರದಲ್ಲಿ ಹುಣಸೆಹಣ್ಣು ಬಡಿಯೋಕಾಗಲ್ಲ, ಮೀನಿನ ವಾಸನೆ ಮನೆ ಒಳಗೂ ಬರುತ್ತೆ. ಆದ್ರೂ ಓಡಿಸಲ್ಲ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತ ಭಾವಿಸ್ತಾರೆ. ಹಿಂದೆ ಪ್ಲೇಗ್ ಬಂದು ಊರೇ ಜಾಗ ಬದಲಿಸಿದಾಗ ಹಕ್ಕಿಗಳೂ ಹಿಂದೆಯೇ ಬಂದವು ಅಂತ ಹಿರಿಯರು ಹೇಳ್ತಾರೆ.

ಹೊರಗಿನ ಪ್ರಪಂಚಕ್ಕೆ ಈ ಊರು ಮತ್ತೆ ಗೊತ್ತಾಗಿದ್ದು 1976ರಲ್ಲಿ, ಅರಣ್ಯಾಧಿಕಾರಿ ಎಸ್.ಜಿ. ನೆಗಿನಹಾಳ ಅವರಿಂದ. 'ಪತ್ತೆ ಹಚ್ಚಿದರು' ಅಂತ ಬರೀತಾರೆ. ತಾತಂಗೆ ಹೇಳಿದ್ರೆ, "ಕಳೆದೇ ಹೋಗಿರ್ನಿಲ್ವಲ್ಲ, ಪತ್ತೆ ಮಾಡಾಕೆ" ಅಂದ್ರು. ಇಬ್ಬರದ್ದೂ ನಿಜ. ಊರಿನವರು ಕಾಪಾಡಿದ್ದರಿಂದ ಹಕ್ಕಿ ಉಳೀತು, ಒಬ್ಬ ಅಧಿಕಾರಿ ಬರೆದಿಟ್ಟಿದ್ದರಿಂದ ಬೇರೆಯವರಿಗೂ ಅದನ್ನ ಉಳಿಸಬೇಕು ಅನ್ನಿಸ್ತು. ಗೂಡಿನಿಂದ ಬಿದ್ದ ಮರಿಗಳನ್ನ ಸಾಕೋ 'ಹೆಜ್ಜಾರ್ಲೆ ಬಳಗ' ಹುಟ್ಟಿತು. 2007ರಲ್ಲಿ ಸಮುದಾಯ ಮೀಸಲು ಪ್ರದೇಶ ಅಂತ ಘೋಷಣೆಯೂ ಆಯ್ತು.

ಆಡಿಟ್ ಕ್ಲಾಸಿನಲ್ಲಿ ಹೇಳಿಕೊಡೋ ಮೊದಲ ಪಾಠ, ಆಸ್ತಿ ಇದ್ರೆ ಸಾಲದು, ದಾಖಲೆಯೂ ಇರಬೇಕು. ಬೆಳ್ಳೂರು ನೋಡಿದ ಮೇಲೆ ನಾನು ಅದನ್ನ ತಿರುಗಿಸಿಯೂ ಓದ್ತೀನಿ. ದಾಖಲೆ ಇದ್ರೆ ಸಾಲದು, ಕಾಯೋರೂ ಇರಬೇಕು.

—

ಭಾಗ 7/8 🔭

ಕೋವಿ ಹೋಗಿ ಬೈನಾಕ್ಯುಲರ್ ಬಂದಿದ್ದು ಹೇಗೆ? ಬೇಗ ಬೇಗ ಹೇಳ್ತೀನಿ.

1941: ಸಲೀಂ ಅಲಿಯ 'ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್' ಬಂತು. ಬಣ್ಣದ ಚಿತ್ರ ನೋಡಿ ಸಾಮಾನ್ಯರೂ ಹಕ್ಕಿ ಗುರುತಿಸಬಹುದು.
1960ರ ಹೊತ್ತಿಗೆ: ಝಫರ್ ಫತೇಹಲ್ಲಿ ಹಕ್ಕಿ ನೋಡೋರಿಗೆ ಅಂತಲೇ ಒಂದು ಪುಟ್ಟ ಪತ್ರಿಕೆ ಶುರು ಮಾಡಿದರು. ಮೊದಮೊದಲು ಸೈಕ್ಲೋಸ್ಟೈಲ್ ಮಾಡಿದ ಹಾಳೆಗಳು. ನಮ್ಮ ಮನೆ ಹಿತ್ತಲಲ್ಲಿ ಇದು ಕಂಡೆ, ನಿಮ್ಮಲ್ಲಿ? ಅಂತ ಊರೂರಿಂದ ಕಾಗದಗಳು. ಇವತ್ತಿನ ಕಮೆಂಟ್ ಸೆಕ್ಷನ್ ಅನ್ನಿ!
1972: ಬೆಂಗಳೂರಿನಲ್ಲಿ ಡಾ. ಜೋಸೆಫ್ ಜಾರ್ಜ್ ಪಕ್ಷಿವೀಕ್ಷಕರ ಕ್ಲಬ್ ಕಟ್ಟಿದರು. ಭಾನುವಾರ ಬೆಳಿಗ್ಗೆ ಲಾಲ್‌ಬಾಗ್‌ನಲ್ಲಿ ಸೇರಿ ನಡೆಯೋ ಪದ್ಧತಿ ಬೆಳೀತು.
ಇತ್ತ ಮೂಡಿಗೆರೆಯಲ್ಲಿ ಕಾಫಿ ತೋಟದ ಜೊತೆ ಕ್ಯಾಮೆರಾ ಹಿಡಿದ ತೇಜಸ್ವಿ, ಹಕ್ಕಿಗಳನ್ನ ಕನ್ನಡದಲ್ಲೇ ಓದೋ ಹಾಗೆ ಮಾಡಿದರು. ನಮ್ಮನೆಗೆ ಬಂದ ಮೊದಲ ಹಕ್ಕಿ ಪುಸ್ತಕ ಅವರದ್ದೇ.
2013: ಅಮೆರಿಕದಲ್ಲಿ 1998ರಲ್ಲಿ ಶುರುವಾದ ಹಿತ್ತಲ ಹಕ್ಕಿ ಎಣಿಕೆಗೆ ಭಾರತವೂ ಸೇರಿತು. ಫೆಬ್ರವರಿಯಲ್ಲಿ ನಾಲ್ಕು ದಿನ. ಕನಿಷ್ಠ 15 ನಿಮಿಷ ಒಂದು ಜಾಗದಲ್ಲಿ ಕಂಡಿದ್ದು, ಕೇಳಿದ್ದು ಎಣಿಸಿ ಕಳಿಸಿದ್ರೆ ಮುಗೀತು. ಮಹಡಿ ಮೇಲೆ ಬಟ್ಟೆ ಒಣಗಿಸ್ತಾನೂ ಮಾಡಬಹುದು.

ನಾನು ಮಾಡೋದೂ ಅಷ್ಟೇ. ಮೈಸೂರಿನ ನಮ್ಮ ಪಿಜಿ ಮಹಡೀಲಿ ಬೆಳಿಗ್ಗೆ ಆರೂವರೆಗೆ ಮಡಿವಾಳ ಹಕ್ಕಿ ಟ್ಯಾಂಕ್ ಮೇಲೆ ಕೂತು ಹಾಡುತ್ತೆ. ಏಳಕ್ಕೆ ಪಿಕಳಾರ ಜೋಡಿ. ಏಳೂಕಾಲಿಗೆ ಹರಟೆಮಲ್ಲರ ಗುಂಪು ಬಂದು ಜಗಳ ಶುರು, ಥೇಟ್ ನಮ್ಮ ಬಾತ್‌ರೂಮ್ ಕ್ಯೂ ಥರ. ಊರಿಗೆ ಹೋಗೋ ರೈಲಲ್ಲಿ ಎಡಗಡೆ ಕಿಟಕಿ ನಂದು. ತಂತಿ ಮೇಲೆ ಕಾಜಾಣ, ಸೀಳಿದ ಬಾಲ. ಕಳ್ಳಿಪೀರ ಹಾರಿ ಹುಳ ಹಿಡಿದು ಮತ್ತೆ ಅದೇ ತಂತಿಗೆ ಬರುತ್ತೆ. ಶ್ರೀರಂಗಪಟ್ಟಣದ ಸೇತುವೆ ಬಂದ್ರೆ ಬಂಡೆ ಮೇಲೆ ರೆಕ್ಕೆ ಒಣಗಿಸೋ ನೀರುಕಾಗೆ. ಕೂತಾಗ ಮಾಸಲಾಗಿ ಕಾಣೋ ನೀಲಕಂಠ ಹಾರಿದ್ರೆ ಮಾತ್ರ... ಅದನ್ನ ಬರೆಯೋಕೆ ಬರಲ್ಲ, ನೀವೇ ನೋಡಿ.

ಇಂಟರ್ನ್‌ಶಿಪ್ ಸಿಗದ ತಿಂಗಳುಗಳಲ್ಲಿ ನನ್ನ ದಿನಗಳನ್ನ ಹಿಡಿದಿಟ್ಟಿದ್ದು ಈ ಲೆಕ್ಕವೇ. ಕಿಹಿಂ ಕಥೆ ಯಾಕೆ ಅಷ್ಟು ಉದ್ದ ಬರೆದೆ ಅಂತ ಈಗ ಗೊತ್ತಾಯ್ತಲ್ಲ.

—

ಭಾಗ 8/8 🪶

ಕೊನೆಯ ಫೋಟೋ. ಅದೇ ಜಾಗ. ಬಾವಿ ಇಲ್ಲ. ಈಚಲು ಮರವೂ ಇಲ್ಲ.

ಯಾರನ್ನೂ ಬೈಯೋಕೆ ಬರೀತಿಲ್ಲ. ಬೋರ್‌ವೆಲ್ ಬಂದ ಮೇಲೆ ಆ ಬಾವಿ ಬಳಸ್ತಿರಲಿಲ್ಲ. ಕಟ್ಟೆ ಒಡೆದಿತ್ತು, ಮಕ್ಕಳು ಬೀಳ್ತಾರೆ ಅನ್ನೋ ಭಯ. ಜಾಗ ಚಿಕ್ಕಪ್ಪನ ಪಾಲಿಗೆ ಬಂತು, ಅವರಿಗೆ ಮನೆ ಕಟ್ಟಬೇಕಿತ್ತು. ಮನೆ ಕಟ್ಟೋದು ತಪ್ಪಾ? ಗೀಜಗಾನೂ ಅದನ್ನೇ ಮಾಡೋದು. ಮಾರ್ಚ್‌ನಲ್ಲಿ, ಗೂಡುಗಳೆಲ್ಲ ಖಾಲಿ ಇದ್ದಾಗಲೇ ಮರ ಕಡಿದರು. "ಮರಿ ಇಲ್ದಾಗ ಕಡೀಲಿ ಅಂತ ಕಾದೆ ಕಣವ್ವ" ಅಂತ ಚಿಕ್ಕಪ್ಪನೇ ಫೋನ್ ಮಾಡಿ ಹೇಳಿದರು. ಹಕ್ಕಿ ಸಹವಾಸ ಯಾಕೆ ಅಂತ ಕೇಳಿದ್ದೂ ಇದೇ ಚಿಕ್ಕಪ್ಪ.

ಜೂನ್‌ನಲ್ಲಿ ಊರಿಗೆ ಹೋದೆ. ತಾತನ ಕಣ್ಣಿಗೆ ಪೊರೆ ಬಂದಿದೆ, ಈಗ ಹಕ್ಕಿಯನ್ನ ಕಿವಿಯಿಂದಲೇ ನೋಡ್ತಾರೆ. ಜಗಲಿ ಮೇಲೆ ಕೂತಿದ್ದವರು, "ಈ ಸಲ ಸದ್ದೇ ಇಲ್ಲ" ಅಂದ್ರು. ನಂಗೆ ಏನು ಹೇಳಬೇಕೋ ತಿಳೀಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅವರೇ ಕೇಳಿದ್ರು, "ಆ ಪುಸ್ತಕ ತಂದಿದ್ದೀಯಾ? ಎಷ್ಟಿದ್ವು ಓದು."

ಮೊದಲೆಲ್ಲ ಡೈರಿ ಹಾಲಿನ ಲೆಕ್ಕ ಓದಿಸ್ಕೊಳ್ತಿದ್ರು, ಹಾಗೇ. ನಾನು ಓದಿದೆ. 2022ರಲ್ಲಿ 23 ಗೂಡು. 2023ರಲ್ಲಿ 19. 2024ರಲ್ಲಿ 26. ಯಾವ ತಾರೀಖು ಮೊದಲ ಗರಿ ಸೀಳಿದ್ದು, ಎಷ್ಟು ಗೂಡು ಅರ್ಧಕ್ಕೆ ನಿಂತಿದ್ದು. ತಾತ ಪ್ರತಿ ಸಾಲಿಗೂ ಹೂಂ ಅಂತಿದ್ರು. "26 ಇದ್ವಾ?" ಅಂತ ಎರಡು ಸಲ ಕೇಳಿದ್ರು.

ಮಾರನೇ ದಿನ ನಾಲೆ ಏರಿ ಮೇಲೆ ನಡೆದುಕೊಂಡು ಹೋದೆ. ಒಂದು ಜಾಲಿ ಮರದಲ್ಲಿ ಹನ್ನೊಂದು ಗೂಡು. ನಮ್ಮ ಬಾವಿಯ ಹಕ್ಕಿಗಳಾ ಅಂತ ಹೇಳೋಕಾಗಲ್ಲ. ರೆಕ್ಕೆ ಮೇಲೆ ವಿಳಾಸ ಬರೆದಿರಲ್ಲ. ಬಂದು ತಾತಂಗೆ ಹೇಳಿದೆ. "ಯಾವ್ವಾದ್ರೇನು, ಬರ್ಕೋ" ಅಂದ್ರು.

ಬರ್ಕೊಂಡೆ. 2025 ಜೂನ್: ತಾತನ ಬಾವಿ, 0. ನಾಲೆ ಏರಿ ಜಾಲಿ ಮರ, 11.

ಈಗ ನಿಮಗೆ ಕೆಲಸ. ನಾಳೆ ಬೆಳಿಗ್ಗೆ 15 ನಿಮಿಷ, ಮನೆ ಮುಂದೆಯೋ, ಬಸ್ ಸ್ಟಾಪಲ್ಲೋ, ಯಾವ ಹಕ್ಕಿ ಎಷ್ಟು ಅಂತ ಬರೀರಿ. ತಾರೀಖು ಹಾಕೋದು ಮರೀಬೇಡಿ. ಹೆಸರು ಗೊತ್ತಿಲ್ಲದಿದ್ರೆ ಮನೆಯ ಹಿರಿಯರನ್ನ ಕೇಳಿ, ನಿಮ್ಮೂರ ಕಡೆ ಏನಂತಾರೆ ಅಂತ ಕಮೆಂಟ್‌ನಲ್ಲಿ ಹಾಕಿ. ಅವನ್ನೆಲ್ಲ ತಾತಂಗೆ ಓದಿ ಹೇಳ್ತೀನಿ. ತಪ್ಪಿದ್ರೆ ಅವರು ಬಿಡಲ್ಲ, ಈಗಲೇ ಹೇಳಿದ್ದೀನಿ 😄

#ಹಕ್ಕಿಲೆಕ್ಕ #ಗೀಜಗ #ಸಲೀಂಅಲಿ #ರಂಗನತಿಟ್ಟು #ಕೊಕ್ಕರೆಬೆಳ್ಳೂರು #ನಮ್ಮೂರಹಕ್ಕಿ